ಮುತ್ಯಾ ಹುಟ್ಟಿದ ಇಸವಿ ಹುಡುಕ್ಲಾಕತ್ತೀನಿ: ನಿಜಾಮನ ಕಾಲದ ಜನಗಣತಿ ಕಾಗದ ಸಿಗ್ತಾವೇನ್ರಿ?

ಸೇಡಂ ಟೀಚರ್:

ಎಲ್ಲರಿಗೂ ಶರಣು. ನಮ್ಮೂರು ಸೇಡಂ ತಾಲೂಕಿನ ಒಂದು ಸಣ್ಣ ಹಳ್ಳಿ, ಈಗ ಕಲಬುರಗಿಯೊಳಗ ಸಾಲಿ ಕಲಸ್ತೀನಿ. ನಮ್ಮ ಮನಿ ವಂಶಾವಳಿ ಬರೀಲಾಕ ಹತ್ತಿ ಎರಡು ವರ್ಷ ಆಯ್ತು. ಎಲ್ಲಾರ ಹೆಸರಿನ ಮುಂದ ಹುಟ್ಟಿದ ಇಸವಿ ಅದ, ನಮ್ಮಪ್ಪನ ಅಪ್ಪ, ಅಂದ್ರ ನಮ್ಮ ಮುತ್ಯಾನ ಮುಂದ ಮಾತ್ರ ಖಾಲಿ. ಮುತ್ಯಾ 1984ರಾಗ ತೀರಿಕೊಂಡ, ಆವಾಗ ನಾ ಎರಡನೇ ಯತ್ತಾ. ಅವನ ಹೆಗಲ ಮ್ಯಾಲ ಕುಂತು ಹೊಲಕ್ಕ ಹೋಗಿದ್ದು ನೆನಪದ, ಬಿಳಿ ರುಮಾಲಿನ ವಾಸನಿ ನೆನಪದ. ವಯಸ್ಸು ಎಷ್ಟಿತ್ತು ಅಂತ ಯಾರಿಗೂ ಗೊತ್ತಿಲ್ಲ. ಸಾಲಿ ಕಲ್ತವ ಅಲ್ಲ, ಹಂಗಾಗಿ ದಾಖಲಾತಿ ರಜಿಸ್ಟರ್ ಇಲ್ಲ.

ನನ್ನ ಕೈಯಾಗ ಇರೋದು ಎರಡೇ. ಒಂದು, ಅಪ್ಪನ ಟ್ರಂಕಿನಾಗ ಸಿಕ್ಕ ಉರ್ದು ಕಾಗದ. ಮುತ್ಯಾನ ಅಪ್ಪ ಸತ್ತ ಮ್ಯಾಲ ಹೊಲ ಮುತ್ಯಾನ ಹೆಸರಿಗೆ ಆದ ವಿರಾಸತ್ ನಕಲು ಅದು. ಕಚೇರಿ ಮುಂದ ಕೂಡೋ ಒಬ್ಬ ಹಿರಿಯರು ಓದಿ ಹೇಳಿದ್ರು: ‘ಉಮರ್ 25 ಸಾಲ’, ಅಂದ್ರ ವಯಸ್ಸು 25 ವರ್ಷ, ಕೆಳಗ ತಾರೀಖು ‘ಮೆಹರ್ 1350’. ಮೊಬೈಲಿನಾಗ ನೋಡಿದ್ರ 1350 ಹಿಜರಿ ಅಂದ್ರ 1931 ಅಂತ ಬಂತು. ಅದರಾಗ 25 ಕಳದ್ರ 1906. ಆದ್ರ ನಮ್ಮಪ್ಪ ಚೊಚ್ಚಲ ಮಗ, ಹುಟ್ಟಿದ್ದು 1944. ಮುತ್ಯಾಗ 38ಕ್ಕ ಮೊದಲ ಕೂಸು ಅಂದ್ರ ನನ್ನ ಮನಸ್ಸು ಒಪ್ಪವಲ್ದು. ಆ ಕಾಲದಾಗ 38ಕ್ಕ ಮೊಮ್ಮಕ್ಕಳ ಮುಖ ನೋಡ್ತಿದ್ರು.

ಎರಡನೇದು ಆಯಿ ಹೇಳ್ತಿದ್ದ ಮಾತು, ಆಕಿಗೆ ಆಕಿ ಅತ್ತಿ ಹೇಳಿದ್ದು: ‘ಕಾಳಯುಕ್ತಿ ಬ್ಯಾನ್ಯಾಗ ನಿಮ್ಮ ಮುತ್ಯಾ ಇನ್ನ ಮಲಿ ಬಿಟ್ಟಿದ್ದಿಲ್ಲ. ಬ್ಯಾನಿ ಬಿದ್ದ ಅವ್ವನ ಎದಿಗೇ ಅಂಟಿಕೊಂಡಿದ್ದ, ಆದ್ರೂ ಉಳದ.’ ಇದು ಪ್ಲೇಗ್ ಇರಬೇಕು, ‘ಕಾಳ’ ಅಂದ್ರ ಕೆಟ್ಟ ಕಾಲ ಅಂತ ನಾ ತಿಳಕೊಂಡಿದ್ದೆ.

ನನ್ನ ತಮ್ಮ ಅಮೆರಿಕಾದಾಗ ಇದ್ದಾನ. ಅವನ ಬಾಜು ಮನಿಯವರು 1950ರ ಜನಗಣತಿ ಹಾಳಿ ತಗದು, ಅಜ್ಜನ ಹೆಸರು, ವಯಸ್ಸು, ಮನಿ ನಂಬರ್ ಎಲ್ಲಾ ತೋರಿಸಿದ್ರಂತ. ನಮ್ಮ ಕಡಿ 1921, 1931ರ ಗಣತಿದು ಅಂಥದ್ದು ಎಲ್ಲರೆ ಸಿಗ್ತದೇನು? ಹೈದರಾಬಾದಿಗೆ ಹೋಗಬೇಕಂದ್ರೂ ರಜಾ ಹಾಕಿ ಹೋಗ್ತೀನಿ.

ಹಳೇ ದಫ್ತರ್:

ತಂಗಿ, ಗಣತಿ ಹಾಳಿ ಸಲುವಾಗಿ ರಜಾ ಹಾಕಬ್ಯಾಡ. ನಾ ಕಂದಾಯ ಇಲಾಖೆದಾಗ ದುಡದವ, 1981ರ ಮತ್ತ 1991ರ ಗಣತಿಗೆ ಮನಿಮನಿ ತಿರಗೀನಿ.

ನಿಜಾಮನ ಸಂಸ್ಥಾನದಾಗ 1881ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ಆಗ್ಯದ. 1921ರಾಗ ಮಾರ್ಚ್ 18, 1931ರಾಗ ಫೆಬ್ರವರಿ 26, ಆ ರಾತ್ರಿ ಯಾರು ಎಲ್ಲಿದ್ರೋ ಅಲ್ಲೇ ಎಣಿಸ್ಯಾರ. ನಿಮ್ಮ ಮುತ್ಯಾನ ಹೆಸರೂ ಯಾವನೋ ಒಬ್ಬ ಎಣಿಕಿದಾರ ಬರಕೊಂಡೇ ಇರ್ತಾನ. ಆದ್ರ ಲೆಕ್ಕ ತಗದು ಮೊತ್ತ ಬರದ ಮ್ಯಾಲ ಹೆಸರಿದ್ದ ಕಾಗದ ಇಡ್ತಿದ್ದಿಲ್ಲ. ಉಳದದ್ದು ಅಚ್ಚಾದ ವರದಿ, ಕೋಷ್ಟಕ. ಅದರಾಗ ಜಿಲ್ಲಾ ಸಿಗ್ತದ, ತಾಲೂಕು ಸಿಗ್ತದ, ಮನಷಾ ಸಿಗಂಗಿಲ್ಲ. ಅಮೆರಿಕಾದವರು 72 ವರ್ಷ ಆದ ಮ್ಯಾಲ ಹಾಳಿ ಬಿಚ್ಚತಾರ, 1950ರದ್ದು 2022ರ ಏಪ್ರಿಲಿನಾಗ ಬಿಚ್ಚ್ಯಾರ. ಇಂಗ್ಲೆಂಡಿನವರು 100 ವರ್ಷ ಕಾಯ್ತಾರ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ 15ನೇ ಕಲಂ ಪ್ರಕಾರ ಒಬ್ಬರ ಹಾಳಿ ಇನ್ನೊಬ್ಬರಿಗೆ ತೋರ್ಸಂಗಿಲ್ಲ. ಇಷ್ಟು ವರ್ಷಕ್ಕ ಬಿಚ್ಚಬೇಕು ಅನ್ನೋ ಮಾತೇ ಅದರಾಗಿಲ್ಲ.

ಇನ್ನೊಂದು ಮಾತು. ಹಾಳಿ ಸಿಕ್ಕಿದ್ರೂ ಅದರಾಗಿನ ವಯಸ್ಸು ನಂಬೋದು ಕಷ್ಟ. ನಾನೇ ಕೇಳೀನಿ: ‘ಯಜಮಾನ್ರ, ವಯಸ್ಸು ಎಷ್ಟು?’ ‘ನೀವೇ ಬರಕೋರಿ ಸಾಹೇಬ್ರ, ಐವತ್ತೋ ಅರವತ್ತೋ.’ ಹಳೇ ವಯಸ್ಸಿನ ಕೋಷ್ಟಕ ತಗದು ನೋಡು, 29 ಮತ್ತ 31ರ ನಡುವ 30 ಅನ್ನೋದು ಗುಡ್ಡದಂಗ ಎದ್ದಿರ್ತದ. 25, 35, 40 ಎಲ್ಲಾ ಹಂಗೇ. ವಿರಾಸತ್ ಕಾಗದದಾಗಿನ 25ನ್ನೂ ಅದೇ ಕಣ್ಣಿಲೆ ನೋಡು. 23 ಇರಬಹುದು, 27 ಇರಬಹುದು. ನಾಬಾಲಿಗ್, ಅಂದ್ರ ವಯಸ್ಸಿಗೆ ಬರದವ, ಇದ್ದಿದ್ರ ಪಾಲಕರ ಹೆಸರು ಬರೀತಿದ್ರು, ಅದಿಲ್ಲ ಅಂದ್ರ ಬೆಳದ ಆಳು ಅನ್ನೋದಷ್ಟು ಖಾತ್ರಿ.

ಬೀದರ್ ಕಿಲ್ಲಾ:

ಅಕ್ಕಾ, ನೀವು ಬರದದ್ದರಾಗೇ ಉತ್ತರ ಅದ. ‘ಮೆಹರ್’ ಹಿಜರಿ ತಿಂಗಳಲ್ಲ. ಹಿಜರಿ ಅಂದ್ರ ಮೊಹರಂ, ಸಫರ್, ರಂಜಾನ್ ಅಂತ ಬರಬೇಕು. ಆಜರ್, ದೈ, ಬಹಮನ್ ಅಂತ ಶುರುವಾಗಿ ಮೆಹರ್, ಆಬಾನ್ ಅಂತ ಮುಗಿಯೋದು ಫಸಲಿ ವರ್ಷ, ನಿಜಾಮ್ ಸರ್ಕಾರದ ಕಂದಾಯದ ಲೆಕ್ಕ ಎಲ್ಲಾ ಇದರಾಗೇ ನಡೀತಿತ್ತು. ಅದು ಅಕ್ಟೋಬರಿನಾಗ ಶುರು. ಮೊದಲಿನ ಮೂರು ತಿಂಗಳಿಗೆ 590 ಕೂಡಿಸ್ರಿ, ಮುಂದಿನವಕ್ಕ 591. ನಿಮ್ಮದು ಮೆಹರ್, ವರ್ಷದ ಕಡಿ ಭಾಗ. 1350ಕ್ಕ 591 ಕೂಡಿಸಿದ್ರ 1941. 25 ಕಳೀರಿ, 1916.

ನಮ್ಮ ಅಬ್ಬಾ ಇಂಥ ಕಾಗದ ಓದಿಕೊಡ್ತಿದ್ರು. ಅವರು ಹೇಳ್ತಿದ್ದದ್ದು: ಉರ್ದು ಅಂಕಿಯೊಳಗ ಸೊನ್ನಿ ಅಂದ್ರ ಬರೇ ಒಂದು ಚುಕ್ಕಿ, ಮಸಿ ಹಾರಿದ್ರ ಕಾಣಂಗಿಲ್ಲ. ಎರಡಕ್ಕೂ ಮೂರಕ್ಕೂ ಒಂದೇ ಹಲ್ಲಿನ ಫರಕು. ಹಂಗಾಗಿ 25 ಅನ್ನೋದು 35 ಇದ್ದೀತು. ಮೂಲ ಕಾಗದ ಬಿಸಿಲಿಗೆ ಅಡ್ಡ ಹಿಡದು ಮತ್ತೊಮ್ಮೆ ನೋಡ್ರಿ. ನಿಮ್ಮೂರು ಜಾಗೀರಿನದಿತ್ತೇನು, ಅಂದ್ರ ನಿಜಾಮ ಯಾರಿಗರೆ ಬಿಟ್ಟುಕೊಟ್ಟ ಊರಿತ್ತೇನು ಅಂತನೂ ಕೇಳ್ರಿ. 1949ರಾಗ ಜಾಗೀರು ರದ್ದಾಗೋ ತನಕ ಜಾಗೀರದಾರರ ದಫ್ತರೇ ಬೇರೆ ಇತ್ತು.

ಶಹಾಪುರ ರೈತ:

ಟೀಚರ್ ಅಕ್ಕಾರ, ಕಾಳಯುಕ್ತಿ ಅಂದ್ರ ಕೆಟ್ಟ ಕಾಲ ಅಲ್ರಿ, ಸಂವತ್ಸರದ ಹೆಸರು. ನಾ ಹುಟ್ಟಿದ್ದೇ ಕಾಳಯುಕ್ತಿ ಸಂವತ್ಸರ, ಜಾತಕದಾಗ ಬರಸ್ಯಾರ, 1978. ಅರವತ್ತಕ್ಕೊಮ್ಮೆ ಅದೇ ಹೆಸರು ತಿರಗಿ ಬರ್ತದ. ಹಿಂದ ಎಣಸ್ರಿ: 1918ರ ಯುಗಾದಿಯಿಂದ 1919ರ ಯುಗಾದಿ ತನಕ. ನಿಮ್ಮ ಆಯಿ ಇಸವಿ ಹೇಳೇ ಹೋಗ್ಯಾರ. ಆ ಬ್ಯಾನಿ ಪ್ಲೇಗ್ ಅಲ್ಲ, ಮುಂಬೈ ಕಡಿಂದ ರೈಲಿನ ಜೋಡಿ ಬಂದ ಇನ್‌ಫ್ಲುಯೆಂಜಾ. ದಸರಾ ದೀವಳಗಿ ಸುಮಾರಿಗೆ ಜೋರಾಗಿತ್ತು. ಬಸುರಿ ಬಾಣಂತ್ಯಾರು, ದುಡಿಯೋ ವಯಸ್ಸಿನವರು ಭಾಳ ಮಂದಿ ಹೋದ್ರು. ಆಗಿನ ಕಾಲದಾಗ ಕೂಸು ಎರಡು, ಎರಡೂವರಿ ವರ್ಷದ ತನಕ ಮಲಿ ಕುಡೀತಿತ್ತು. ಅಂದ್ರ 1916ರಿಂದ 1918ರ ಒಳಗ.

ಮನಿಮನಿಗೆ ಬಂದು ವಂಶಾವಳಿ ಹೇಳೋ ಹೆಳವರು ನಿಮ್ಮ ಮನಿಗೆ ಬರ್ತಾರೇನ್ರಿ? ಸುಗ್ಗಿ ಮುಗದ ಮ್ಯಾಲ ನಮ್ಮ ಮನಿಗೆ ಬರೋ ಹೆಳವನ ಪುಸ್ತಕದಾಗ ನಮ್ಮದು ಏಳು ತಲಿ ಅದ. ಇಸವಿ ಹೇಳಂಗಿಲ್ಲ, ಆದ್ರ ಯಾರು ಹಿರಿಯಾ, ಯಾರು ಕಿರಿಯಾ, ಯಾವ ಊರಿಂದ ಹೆಣ್ಣು ತಂದ್ರು ಅನ್ನೋದು ತಪ್ಪಂಗಿಲ್ಲ.

ಹಳೇ ದಫ್ತರ್:

ಶಹಾಪುರದವರು ಹೇಳಿದ್ದಕ್ಕ ಒಂದು ಸೇರಸ್ತೀನಿ. 1911ರಿಂದ 1921ರ ನಡುವ ಇಡೀ ದೇಶದ ಜನಸಂಖ್ಯೆ ಏರೋದು ಬಿಟ್ಟು ಇಳದದ. ಅದಕ್ಕ ದೊಡ್ಡ ಕಾರಣ ಆ ಒಂದು ಬ್ಯಾನಿ. ತಂಗಿ, ನಿಮ್ಮ ಮುತ್ಯಾ ಹೆಸರಿಲ್ಲದಿದ್ರೂ 1921ರ ಆ ಮೊತ್ತದೊಳಗ ಒಬ್ಬ, ಉಳದವರ ಕಡಿಗೆ.

ಸೇಡಂ ಟೀಚರ್:

ಎಲ್ಲಾರ ಮಾತೂ ಓದಿ ರಾತ್ರಿ ನಿದ್ದಿ ಬರಲಿಲ್ರಿ. ಆಯಿ ಅಷ್ಟು ಸಲ ಹೇಳಿದ್ದಳು, ಅದು ತಾರೀಖು ಅಂತ ನನಗ ತಿಳೀಲೇ ಇಲ್ಲ.

ಇವತ್ತು ಕಾಗದ ಬಿಸಿಲಿಗೆ ಹಿಡದು ಫೋಟೋ ತಗದು, ನಮ್ಮ ಸಾಲಿ ಉರ್ದು ಸರ್‌ಗೆ ತೋರಸ್ದೆ. 25 ಅನ್ನೋದು 25ಏ. ಮೆಹರೂ ಖರೇ. ಮೂಲ್ಯಾಗ ಸಣ್ಣಕ್ಕ ‘ಫಸಲಿ’ ಅಂತ ಅಕ್ಷರದಾಗೇ ಬರದದ್ದು ಸರ್ ಕಣ್ಣಿಗೆ ಬಿತ್ತು. ವಂಶಾವಳಿಯೊಳಗ ಮುತ್ಯಾನ ಮುಂದ ‘ಸುಮಾರು 1917’ ಅಂತ ಬರದು, ಕೆಳಗ ಆಯಿ ಮಾತು ಇದ್ದದ್ದು ಇದ್ದಂಗ ಬರದೀನಿ. ಅಪ್ಪ ಹುಟ್ಟಿದಾಗ ಮುತ್ಯಾಗ 27. ಈಗ ಮನಸ್ಸು ಒಪ್ತದ.

ಸರ್ ಓದುಮುಂದ ಮತ್ತೊಂದು ಗೊತ್ತಾಯ್ತು. ಬ್ಯಾನ್ಯಾಗ ಕೂಸಿಗೆ ಹಾಲುಣಿಸಿ ಉಳಸಿದ ಆ ತಾಯಿ ಹೆಸರು ಕಾಗದದಾಗಿಲ್ಲ, ಬರೇ ‘ಬೇವಾ’, ವಿಧವೆ, ಅಂತ ಅದ. ನಮ್ಮ ಮನ್ಯಾಗೂ ಯಾರಿಗೂ ಆಕಿ ಹೆಸರು ಗೊತ್ತಿಲ್ಲ. ಊರಾಗ ಕಾಕಾಗ ಫೋನ್ ಮಾಡೀನಿ, ನಮ್ಮ ಹೆಳವ ಹೋದ ವರ್ಷನೂ ಬಂದಿದ್ದನಂತ. ಈ ಸಲ ಬಂದ ದಿನ ನನಗ ಹೇಳು, ನಾ ಬರೋತನಕ ಕಳಸಬ್ಯಾಡ ಅಂದೀನಿ.