ಸಹಾಯ ಬೇಕು: ಲೈಟ್ ಪುಟದೊಳಗಿನ ಡಾರ್ಕ್ ಫೂಟರ್‌ಗೆ ಥೀಮ್ ಹಿಡೀತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಬಟನ್, ಕಾರ್ಡ್‌ಗಳನ್ನೆಲ್ಲ ವೆಬ್ ಕಾಂಪೊನೆಂಟ್ (ಮತ್ತೆ ಮತ್ತೆ ಬಳಸಬಹುದಾದ ಪುಟದ ತುಣುಕು) ಆಗಿ ಮಾಡಿ ಹಲವು ಸೈಟ್‌ಗಳಲ್ಲಿ ಬಳಸ್ತಿದ್ದೇವೆ. ಸಿಎಸ್ಎಸ್ (ಪುಟದ ರೂಪ ನಿರ್ಧರಿಸೋ ಭಾಷೆ) ಕಸ್ಟಮ್ ಪ್ರಾಪರ್ಟಿಗಳು, ಅಂದರೆ ನಾವೇ ಹೆಸರಿಡೋ ವೇರಿಯಬಲ್‌ಗಳು, ಶ್ಯಾಡೋ ಡಾಮ್ (ಹೊರಗಿನ ಸ್ಟೈಲ್‌ನಿಂದ ಬೇರೆಯಾಗಿರೋ ಕಾಂಪೊನೆಂಟ್‌ನ ಒಳಭಾಗ) ಒಳಗೂ ಇಳಿದು ಬರುತ್ತವಲ್ಲ, ಹಾಗಾಗಿ ಬಣ್ಣಗಳನ್ನೆಲ್ಲ ರೂಟ್‌ನಲ್ಲೇ (ಪುಟದ ಎಲ್ಲಕ್ಕಿಂತ ಮೇಲಿನ ಎಲಿಮೆಂಟ್) ಇಟ್ಟಿದ್ದೇವೆ. ಇಡೀ ಪುಟದ ಥೀಮ್ ಸಲೀಸಾಗಿ ಬದಲಾಗುತ್ತೆ.

ತೊಂದರೆ ಇರೋದು ಲೈಟ್ ಪುಟದಲ್ಲಿ ಡಾರ್ಕ್ ಫೂಟರ್ (ಪುಟದ ಕೊನೆಯ ಪಟ್ಟಿ) ಬಂದಾಗ. ಅಲ್ಲಿ ಬ್ರ್ಯಾಂಡ್ ಬಣ್ಣದ ವೇರಿಯಬಲ್ ಬದಲಿಸಿದರೂ ಬಟನ್ ಅದೇ ಕಡುನೀಲಿ. ಬಟನ್ ಬಣ್ಣ ಬ್ರ್ಯಾಂಡ್ ಬಣ್ಣದಿಂದ ಬರಬೇಕು ಅಂತ ರೂಟ್‌ನಲ್ಲಿ ಬರೆದಿರೋದರಿಂದ ಲೆಕ್ಕ ಅಲ್ಲೇ ಮುಗಿದು, ಕೆಳಗೆ ಸಿದ್ಧ ನೀಲಿಯಷ್ಟೇ ಇಳಿಯುತ್ತೆ.

ಪ್ರತಿ ಥೀಮ್ ಸೆಲೆಕ್ಟರ್‌ನಲ್ಲೂ (ಆ ಥೀಮ್ ಯಾವ ಭಾಗಕ್ಕೆ ಅಂತ ಹೇಳೋ ಸಿಎಸ್ಎಸ್ ನಿಯಮ) ಎಲ್ಲ ವೇರಿಯಬಲ್ ಮತ್ತೆ ಬರೀಬೇಕಾ, ಇಲ್ಲ ಕಾಂಪೊನೆಂಟ್ ಒಳಗೇ ಬರೆಯೋದು ಒಳ್ಳೇದಾ? ಹೇಗೇ ಮಾಡಿದರೂ ಅಕ್ಷರಕ್ಕೂ ಹಿನ್ನೆಲೆಗೂ ಇರೋ ಕಾಂಟ್ರಾಸ್ಟ್ 4.5:1ಕ್ಕಿಂತ ಇಳೀಬಾರದು, ದೃಷ್ಟಿ ಮಂದವಿರುವ ಹಿರಿಯರೂ ಬಳಸೋ ಸೈಟ್ ಇದು. ಹೀಗೆ ಒಂದರೊಳಗೊಂದು ಥೀಮ್ ಮಾಡಿದವರು ದಯವಿಟ್ಟು ತಿಳಿಸಿ.