ಗದ್ದೆಯ ಬಸಿನೀರು ಸೇರುವ ಹಳ್ಳ: ಆಮ್ಲಜನಕ 11 ಇದ್ದರೂ ಮೀನು ಸಾಯುವುದೇಕೆ?

ಜೇಕಿನದಂಡೆ ಕೇಳಿದ್ದು:

ಗಂಗಾವತಿ ತಾಲ್ಲೂಕು, ಎಡದಂಡೆ ಕಾಲುವೆಯ ಅಚ್ಚುಕಟ್ಟು. ಸುಮಾರು ಆರು ಕಿ.ಮೀ. ಹರಿದು ತುಂಗಭದ್ರೆ ಸೇರುವ ಹಳ್ಳ. ಮೇಲೆ ಬಂಡೆಗುಡ್ಡ, ನಡುವೆ ಎರಡು ಬೆಳೆಯ ಭತ್ತ, ಒಂದು ಊರು, ಒಂದು ರೈಸ್ ಮಿಲ್, ಕೆಳಗೆಲ್ಲ ಬಳ್ಳಾರಿ ಜಾಲಿ. ಹೈಸ್ಕೂಲು ಮಕ್ಕಳ ಜೊತೆ ವರ್ಷಪೂರ್ತಿ ನೀರು ಮತ್ತು ಜೀವಿಗಳ ಲೆಕ್ಕ ಇಡಬೇಕು. ಊರ ಕೆಳಗೆ ಮಧ್ಯಾಹ್ನ 2 ಗಂಟೆಯ ಅಳತೆ: ಉಷ್ಣಾಂಶ 31 ಡಿಗ್ರಿ, ಪಿಎಚ್ ಪಟ್ಟಿಯಲ್ಲಿ 9ರ ಹತ್ತಿರ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) 780, ಕರಗಿದ ಆಮ್ಲಜನಕ ಲೀಟರಿಗೆ 11 ಮಿ.ಗ್ರಾಂ. ಆಮ್ಲಜನಕ ಇಷ್ಟಿದ್ದರೆ ನೀರು ಚೆನ್ನಾಗಿರಬೇಕಲ್ಲ? ಆದರೂ ಅದೇ ಮಡುವಿನಲ್ಲಿ ಬೆಳಿಗ್ಗೆ ಸಣ್ಣ ಮೀನು ಸತ್ತು ತೇಲುತ್ತವೆ. ಕುಡಿಯುವ ನೀರಿನ ಮಾನದಂಡಕ್ಕೆ ಹೋಲಿಸಿದರೆ ಸಾಕೇ?

ಬಸಿಗಾಲುವೆ:

ಆ 11 ನೀರಿನ ಆರೋಗ್ಯವಲ್ಲ ಸರ್, ಪಾಚಿಯ ಲೆಕ್ಕ. 31 ಡಿಗ್ರಿಯ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಸುಮಾರು 7.4 ಮಾತ್ರ. ಮಿಕ್ಕಿದ್ದು ಬಿಸಿಲಿಗೆ ಪಾಚಿ ಬಿಟ್ಟದ್ದು. ರಾತ್ರಿ ಅದೇ ಪಾಚಿ, ಕೆಸರಿನ ಬ್ಯಾಕ್ಟೀರಿಯಾ, ಮೀನು ಎಲ್ಲವೂ ಅದನ್ನು ಉಸಿರಾಡಿ ಖಾಲಿ ಮಾಡುತ್ತವೆ. ಹೊತ್ತು ಹುಟ್ಟುವ ಮುಂಚೆ ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ, ಅದೇ ಜಾಗದಲ್ಲಿ ಅಳೆಯಿರಿ. ಬೆಳಿಗ್ಗೆ 2ಕ್ಕಿಂತ ಕೆಳಗೆ ಬಂದರೆ ಮೀನಿನ ಸಾವಿಗೆ ಬೇರೆ ಕಾರಣ ಹುಡುಕುವ ಅಗತ್ಯ ಬಹುಶಃ ಬರುವುದಿಲ್ಲ.

ಮೀಟರ್ ನಂಬಿಕೆ ಬರದಿದ್ದರೆ ವಿಂಕ್ಲರ್ ವಿಧಾನ, ಅಂದರೆ ರಾಸಾಯನಿಕ ಹಾಕಿ ಆಮ್ಲಜನಕ ಅಳೆಯುವುದು, ಮಾಡಿ. 300 ಮಿ.ಲೀ. ಬಿಒಡಿ (ಕೊಳೆಯುವ ಕಸ ಎಷ್ಟು ಆಮ್ಲಜನಕ ಎಳೆಯುತ್ತದೆ ಅನ್ನುವ ಪರೀಕ್ಷೆ) ಬಾಟಲಿಯನ್ನು ನೀರಿನೊಳಗೇ ತುಂಬಿಸಿ, ಒಂದು ಗುಳ್ಳೆಯೂ ಉಳಿಯಬಾರದು. ಬಕೆಟ್‌ನಿಂದ ಸುರಿದರೆ ಗಾಳಿ ಬೆರೆತು ಅಳತೆ ಕೆಟ್ಟಿತು. ಮ್ಯಾಂಗನೀಸ್ ಸಲ್ಫೇಟ್ 1 ಮಿ.ಲೀ., ಕ್ಷಾರ ಅಯೋಡೈಡ್ ಅಝೈಡ್ 1 ಮಿ.ಲೀ. ಹಾಕಿ, ಮುಚ್ಚಳ ಬಿಗಿದು ಹದಿನೈದು ಸಲ ಮೇಲೆ ಕೆಳಗೆ ತಿರುಗಿಸಿ. ಕಂದು ಗಸಿ ಬಂದರೆ ಆಮ್ಲಜನಕ ಇದೆ, ಹಾಲಿನಂತೆ ಬಿಳಿಯಾಗೇ ಉಳಿದರೆ ಇಲ್ಲ. ಮಕ್ಕಳಿಗೆ ಈ ಬಣ್ಣವೇ ದೊಡ್ಡ ಪಾಠ. ಗಸಿ ಅರ್ಧಕ್ಕೆ ಇಳಿದ ಮೇಲೆ ಗಂಧಕಾಮ್ಲ 1 ಮಿ.ಲೀ. ಹಾಕಿ. ಇದನ್ನು ಶಿಕ್ಷಕರೇ ಮಾಡಲಿ, ಕನ್ನಡಕ ಮತ್ತು ಕೈಗವಸು ಇರಲಿ. 201 ಮಿ.ಲೀ. ತೆಗೆದುಕೊಂಡು 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದರೆ (ಬಣ್ಣ ಹೋಗುವವರೆಗೆ ಹನಿಹನಿಯಾಗಿ ಹಾಕಿದರೆ) ಖರ್ಚಾದ ಪ್ರತಿ ಮಿ.ಲೀ. ಲೀಟರಿಗೆ ಒಂದು ಮಿ.ಗ್ರಾಂ ಆಮ್ಲಜನಕಕ್ಕೆ ಸಮ. ಪಿಷ್ಟದ ದ್ರಾವಣ ಹಾಕುವುದು ಅಯೋಡಿನ್‌ನ ಹಳದಿ ತೆಳುವಾದ ಮೇಲೆ. ಮೊದಲೇ ಹಾಕಿದರೆ ಅಯೋಡಿನ್ ಅದಕ್ಕೆ ಅಂಟಿಕೊಂಡು ನೀಲಿ ಹೋಗುವುದು ತಡವಾಗುತ್ತದೆ.

ಪಿಎಚ್ 9 ಅನ್ನೋದನ್ನ ಹಗುರವಾಗಿ ತಗೋಬೇಡಿ. 30 ಡಿಗ್ರಿಯಲ್ಲಿ ಪಿಎಚ್ 8 ಇದ್ದಾಗ ಒಟ್ಟು ಅಮೋನಿಯಾದ ಸುಮಾರು 7.5 ಶೇಕಡಾ ಮಾತ್ರ ವಿಷದ ರೂಪದಲ್ಲಿ (ಮುಕ್ತ ಅಮೋನಿಯಾ) ಇರುತ್ತದೆ, 9ಕ್ಕೆ ಏರಿದರೆ 45 ಶೇಕಡಾ. ಯೂರಿಯಾ ಎರಚಿದ ವಾರ ಅಕ್ವೇರಿಯಂ ಅಂಗಡಿಯ ಅಮೋನಿಯಾ ಕಿಟ್ ಬಳಸಿ ನೋಡಿ. ಪಟ್ಟಿ ಬಿಟ್ಟು ಪಿಎಚ್ ಮೀಟರ್ ತನ್ನಿ, ಪ್ರತಿ ಸಲ 7 ಮತ್ತು 9.2 ಬಫರ್‌ನಲ್ಲಿ ಸರಿಹೊಂದಿಸಿ.

ಕುಡಿಯುವ ನೀರಿನ ಮಾನದಂಡ ಇಲ್ಲಿ ತಪ್ಪು ಅಳತೆಗೋಲು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಡಿ ವರ್ಗ ಮೀನು ಮತ್ತು ವನ್ಯಜೀವಿಗೆ: ಪಿಎಚ್ 6.5ರಿಂದ 8.5, ಆಮ್ಲಜನಕ ಕನಿಷ್ಠ 4, ಮುಕ್ತ ಅಮೋನಿಯಾ 1.2ರೊಳಗೆ. ಇ ವರ್ಗ ನೀರಾವರಿಗೆ: ವಿದ್ಯುತ್ ವಾಹಕತೆ 2250 ಮೈಕ್ರೋಸೀಮೆನ್ಸ್‌ವರೆಗೆ.

ಎರೆಹೊಲ:

ಎಲ್ಲಾ ಸರಿ ಐತ್ರಿ, ಆದ್ರ ಈ ಹಳ್ಳದ ಕ್ಯಾಲೆಂಡರ್ ನಮ್ಮ ಗ್ವಾಡಿ ಮ್ಯಾಲಿಂದಲ್ಲ, ಕಾಲುವೇದು. ಕಾಲುವಿಗೆ ನೀರು ಬಿಟ್ಟಾಗ ಹಳ್ಳದಾಗ ಹರಿಯೋದು ನೆಲ್ಲಿನ ಗದ್ದಿ ಬಸಿನೀರು. ಕಾಲುವಿ ಬಂದ್ ಆದ ಮ್ಯಾಲೆ, ಬ್ಯಾಸಿಗ್ಯಾಗ, ಬರೇ ಮಡು ಉಳಿತಾವು. ಮೊದಲ ಜೋರು ಮಳಿಗೆ ರಸ್ತಿ, ಹೊಲ, ಊರ ಕಸ ಎಲ್ಲಾ ಬರ್ತದ. ಈ ಮೂರೂ ಬ್ಯಾರೆ ಬ್ಯಾರೆ ನೀರು. ಮೂರರ ಸರಾಸರಿ ಹಾಕಿದ್ರ ಯಾವುದೂ ತಿಳಿಯಂಗಿಲ್ಲ. ಮೂರರಾಗೂ ಅಳೀರಿ, ಗೊಬ್ಬರ ಹಾಕಿದ ಮೂರು ನಾಕು ದಿನದಾಗ ಒಂದು ಸಲ ಹೆಚ್ಚಿಗಿ ಅಳೀರಿ.

ಜಾಗ ಕನಿಷ್ಠ ಐದು: ಗದ್ದಿಗಿಂತ ಮ್ಯಾಲೆ, ಗದ್ದಿ ಮುಗಿಯೋ ಕಡೆ, ಮಿಲ್ಲಿನ ಕೆಳಗ, ಊರ ಚರಂಡಿ ಸೇರಿ ನೂರು ಮೀಟರ್ ಆದ ಮ್ಯಾಲೆ, ನದಿಗೆ ಸೇರೋ ಮುಂದ. ಚರಂಡಿ ಬಾಯಿಗೇ ಬಾಟಲಿ ಹಿಡದ್ರ ಅದು ಚರಂಡಿ ಅಳತಿ. ಮೊದಲು ಟಿಡಿಎಸ್ ಮೀಟರ್ ಹಿಡ್ಕೊಂಡು 200 ಮೀಟರಿಗೊಮ್ಮೆ ಅದ್ದುತ್ತ ನಡೀರಿ. ಎಲ್ಲಿ ಅಂಕಿ ಒಮ್ಮೆಲೆ ಜಿಗಿತದೋ ಅಲ್ಲಿ ಏನೋ ಸೇರ್ತದ, ನೀರಿನಾಗ ಬಸಿಯೋ ಜಾಗನೂ ಸಿಗ್ತದ. 1413 ಮೈಕ್ರೋಸೀಮೆನ್ಸ್ ದ್ರಾವಣದಾಗ ಮೀಟರ್ ತಾಳೆ ನೋಡ್ರಿ. ನಿಮ್ಮ 780 ಅನ್ನೋದು ಮೀಟರ್ ವಾಹಕತೆನ 0.5ರಿಂದ ಗುಣಿಸಿ ತೋರ್ಸಿದ್ದಾದ್ರ ಖರೆ ವಾಹಕತೆ 1560, 0.7ರಿಂದ ಆದ್ರ 1114. ಅದಕ್ಕ ಟಿಡಿಎಸ್ ಬರೀಬ್ಯಾಡ್ರಿ, ವಾಹಕತೆ ಬರೀರಿ.

ಹರಿವು ಅಳೀದಿದ್ರ ಅಂಕಿ ಅರ್ಧಂಬರ್ಧ. ನೆಟ್ಟಗಿರೋ 10 ಮೀಟರ್ ಹಿಡೀರಿ, ಕಿತ್ತಳೆ ಹಣ್ಣು ತೇಲಿಬಿಟ್ಟು ಐದು ಸಲ ಸಮಯ ನೋಡ್ರಿ. ಅಗಲ 3 ಮೀಟರ್, ಸರಾಸರಿ ಆಳ 0.3, ಸಮಯ 25 ಸೆಕೆಂಡ್ ಅಂತ ಇಟ್ಕೊಳ್ರಿ: ವೇಗ ಸೆಕೆಂಡಿಗೆ 0.4 ಮೀಟರ್. ಮ್ಯಾಲಿನ ನೀರು ಜೋರು ಓಡ್ತದ, ಅದಕ್ಕ 0.85ರಿಂದ ಗುಣಿಸಿದ್ರ 0.34, ಹರಿವು ಸೆಕೆಂಡಿಗೆ ಸುಮಾರು 306 ಲೀಟರ್. ನೈಟ್ರೇಟ್ ಲೀಟರಿಗೆ 20 ಮಿ.ಗ್ರಾಂ ಬಂದ್ರ ದಿನಕ್ಕ 529 ಕಿಲೋ ನದಿಗೆ. ಬ್ಯಾಸಿಗಿಯ ಮಡುವಿನಾಗ ಅದೇ 20 ಇದ್ರೂ ನದಿಗೆ ಹೋಗೋದು ಸೊನ್ನಿ.

ಮಿಲ್ಲಿನ ಕೆಳಗ ಹುಳಿ ವಾಸನಿ, ಬೂದು ಲೋಳಿ ಕಂಡ್ರ ಅದು ಬಾಯಿಲ್ಡ್ ಅಕ್ಕಿಗೆ ನೆಲ್ಲು ನೆನೆಹಾಕಿದ ನೀರಿರಬಹುದು. ಬಿಒಡಿ ಮಾಡ್ಸಿ. ಲ್ಯಾಬಿಗೆ ಐಸಿನಾಗ ಕಳಸ್ರಿ, 27 ಡಿಗ್ರಿಗೆ ಮೂರು ದಿನದ ಬಿಒಡಿ ಅಂತ ಬರೆಸ್ರಿ.

ಏಡಿಗೂಡು:

ಬಾಟಲಿ ಹೇಳುವುದು ಆ ಕ್ಷಣದ ಮಾತು, ಕಲ್ಲಿನಡಿಯ ಹುಳು ಹೇಳುವುದು ಹಿಂದಿನ ವಾರಗಳದ್ದು. ಅರ್ಧ ಮಿ.ಮೀ. ಕಣ್ಣಿನ ಬಲೆಯನ್ನು ಹರಿವಿನ ಕೆಳಗಡೆ ಹಿಡಿದು, ಅದರ ಮೇಲುಗಡೆ ನಿಂತು ತಳವನ್ನು ಕಾಲಿಂದ ಮೂರು ನಿಮಿಷ ಕಲಕಿ. ಬಿಳಿ ತಟ್ಟೆಗೆ ಸುರಿದು ಕುಟುಂಬವಾರು ಬೇರ್ಪಡಿಸಿ. ಬಿಎಂಡಬ್ಲ್ಯೂಪಿ ಅಂಕದಲ್ಲಿ (ಮಾಲಿನ್ಯ ತಾಳದ ಕುಟುಂಬಕ್ಕೆ ಹೆಚ್ಚು ಅಂಕ ಕೊಡುವ ಪದ್ಧತಿ) ಎಷ್ಟು ಹುಳು ಅನ್ನುವುದು ಲೆಕ್ಕವಿಲ್ಲ, ಯಾವ ಕುಟುಂಬ ಅನ್ನುವುದಷ್ಟೇ. ಬೀಟಿಡೇ ಮೇಫ್ಲೈ ಮರಿ 4, ಬಲೆ ಕಟ್ಟುವ ಕ್ಯಾಡಿಸ್ ಹುಳು 5, ಲಿಬೆಲ್ಲುಲಿಡೇ ಏರೋಪ್ಲೇನ್ ಚಿಟ್ಟೆ ಮರಿ 8, ಕೆಂಪು ಕೈರೊನೊಮಿಡ್ ನುಸಿಯ ಮರಿ 2, ಎರೆಹುಳು ಜಾತಿ 1. ಮೊತ್ತ 20, ಐದರಿಂದ ಭಾಗಿಸಿದರೆ 4. ಮಂಡಳಿಯ ಪಟ್ಟಿಯಲ್ಲಿ 3ರಿಂದ 6 ಮಧ್ಯಮ ಮಾಲಿನ್ಯ.

ಇಲ್ಲಿ ಎಲ್ಲರೂ ಎಡವುವುದು ಎರಡು ಕಡೆ. ಮೇಲ್ಭಾಗದ ಕಲ್ಲುತಳವನ್ನು ಕೆಳಗಿನ ಮರಳುತಳಕ್ಕೆ ಹೋಲಿಸುತ್ತಾರೆ. ಜಾರುವ ಮರಳಿನಲ್ಲಿ ನೀರು ಶುದ್ಧವಿದ್ದರೂ ಹುಳು ಕಡಿಮೆ. ಒಣಗಿದ್ದ ಹಳ್ಳಕ್ಕೆ ನೀರು ಬಂದ ಮರುವಾರವೇ ಬಲೆ ಹಾಕುತ್ತಾರೆ. ನಾಲ್ಕಾರು ವಾರವಾದರೂ ಕಾಯಬೇಕು.

ದಂಡೆಗೆ 100 ಮೀಟರ್ ಗುರುತು ಹಾಕಿ, ಹತ್ತು ಮೀಟರಿಗೊಮ್ಮೆ ಅಗಲ, ಆಳ, ತಳ, ನೆರಳು, ದಂಡೆ ಕುಸಿತ ಬರೆಯಿರಿ. ಬಳ್ಳಾರಿ ಜಾಲಿಯ ನೆರಳಿಗೆ ಪೂರ್ತಿ ಅಂಕ ಕೊಡಬೇಡಿ, ಅದರ ಬುಡದಲ್ಲಿ ಹುಲ್ಲು ಬೆಳೆಯದೆ ದಂಡೆ ಬರಿದಾಗುತ್ತದೆ. ಆಪು, ಜೇಕು ಕಂಡರೆ ಗಲೀಜೆಂದು ಬರೆಯಬೇಡಿ. ಹೂಳೆತ್ತುವ ನೆಪದಲ್ಲಿ ಜೆಸಿಬಿ ಅದನ್ನು ಬಳಿದುಹಾಕಿದ ಕಡೆ ಮಡು, ಅಡಗುತಾಣ ಎರಡೂ ಇರುವುದಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿ.ಮೀ. ನದಿ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ನಿಮ್ಮ ಹಳ್ಳ ಆ ಭಾಗಕ್ಕೆ ಸೇರುವುದಾದರೆ ಬಾಯಲ್ಲಿನ ಬಂಡೆ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಹುಡುಕಿ, ದಿನಾಂಕ ಸಮೇತ ಫೋಟೊ ಇಡಿ.

ಜೇಕಿನದಂಡೆ:

ಧನ್ಯವಾದ. ಪಂಚಾಯಿತಿ ಕಿಟ್‌ನ ಎಚ್‌ಟುಎಸ್ ಬಾಟಲಿ, ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುತ್ತಲ್ಲ, ಅದನ್ನೂ ಸೇರಿಸಲೇ?

ಬಸಿಗಾಲುವೆ:

ಬೇಡ. ಅದು ಕುಡಿಯುವ ನೀರಿಗೆ ಇದೆ ಅಥವಾ ಇಲ್ಲ ಅಂತ ಹೇಳುವುದು. ದನ ಇಳಿಯುವ ಹಳ್ಳದಲ್ಲಿ ಐದು ಜಾಗದ್ದೂ ಕಪ್ಪಾಗುತ್ತದೆ. ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸಂಖ್ಯೆ ಬೇಕಿದ್ದರೆ ಲ್ಯಾಬಿನ ಸ್ಟೆರೈಲ್ ಬಾಟಲಿ, ಐಸ್ ಡಬ್ಬಿ, ಆರು ಗಂಟೆಯೊಳಗೆ ತಲುಪಿಸುವ ಗಾಡಿ ಮೊದಲು ಗೊತ್ತು ಮಾಡಿಕೊಳ್ಳಿ. ಕೀಟನಾಶಕವೂ ಲ್ಯಾಬಿನ ಕೆಲಸವೇ. ಪ್ಲಾಸ್ಟಿಕ್‌ನಲ್ಲಲ್ಲ, ಕಂದು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ.