ಅಪ್‌ಡೇಟ್: ಶಿರಸಿಯಿಂದ ನಾಸಿಕದ ವೈನ್ ತೋಟಗಳಿಗೆ

ಅಡಿಕೆ ಕೊಯ್ಲು ಮುಗಿಸಿ ನಾಸಿಕಕ್ಕೆ ಹೋದರೆ ಬಳ್ಳಿಯಲ್ಲಿ ದ್ರಾಕ್ಷಿ ಉಳಿದಿರುತ್ತದೆಯೇ ಎಂದು ಇಲ್ಲಿ ಕೇಳಿದ್ದೆ, ಹೋಗುವ ದಾರಿಯನ್ನು ನೀವೇ ಸೂಚಿಸಿದ್ದಿರಿ. ದ್ರಾಕ್ಷಿ ಇರುತ್ತದೆ. ಅಕ್ಟೋಬರ್ ಹೊತ್ತಿಗೆ ಬಳ್ಳಿ ಸವರುತ್ತಾರೆ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಮಾರಿಕಾಂಬಾ ಜಾತ್ರೆಯಿಲ್ಲದ ವರ್ಷವಾದ್ದರಿಂದ ಫೆಬ್ರವರಿ ಕೊನೆಗೆ ಹೊರಟೆವು. ಕುಮಟಾದಲ್ಲಿ ಮತ್ಸ್ಯಗಂಧ ರೈಲು ಹತ್ತಿ, ಮುಂಬೈ ಬಳಿಯ ಠಾಣೆಯಲ್ಲಿ ಇಳಿದು, ನಾಸಿಕ ರೋಡ್‌ಗೆ ಬೇರೆ ರೈಲು. ನೀವು ಸೂಚಿಸಿದ ಈ ದಾರಿಯೇ ಬೆನ್ನಿಗೆ ಹಿತ.

ಗಂಗಾಪುರ ಅಣೆಕಟ್ಟಿನ ಕಡೆಯ ಸುಲಾ ವೈನ್ ತೋಟಕ್ಕೆ ಮಂಗಳವಾರ ಹೋದೆವು. ನಿಧಾನವಾಗಿ ನೋಡುವವರಿಗೆ ವಾರದ ನಡುವೆಯೇ ಲೇಸು. ರುಚಿ ನೋಡಿದ್ದರಲ್ಲಿ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ನನಗೆ ಹಿಡಿಸಿತು. ಕುಡಿಯದ ಭಾವನವರು ಮಾತ್ರ ಬಳ್ಳಿಯ ಬುಡದ ಹನಿ ನೀರಾವರಿ ಪೈಪನ್ನೇ ಪರೀಕ್ಷಿಸುತ್ತಾ ಕಾಲ ಕಳೆದರು, ತೋಟಿಗರಲ್ಲವೇ! ಮುಂದಿನ ಸಲ ನಂದಿ ಬೆಟ್ಟದ ಸುತ್ತಲಿನ ತೋಟಗಳು. ಅಲ್ಲಿಗೆ ಶಿರಸಿಯಿಂದ ಬೆಂಗಳೂರಿನ ರಾತ್ರಿ ಬಸ್ಸು ಹಿಡಿದರಾಯಿತು.